ಎಡಗಾಲಿಗೆ ಬಿಡುವು ಕೊಡುವ ಮುನ್ನ

ಮನೆ–ಮಳಿಗೆ



ಈ ಅಂಕಣದಲ್ಲಿ ನಾವು ಈವರೆಗೆ ಲೆಕ್ಕದ ಪುಸ್ತಕ, ಮನೆಯ ಉಗ್ರಾಣ, ಮಕ್ಕಳ ಓದು, ವಯಸ್ಸಾದವರ ಔಷಧಿ ಮುಂತಾದ ವಿಷಯಗಳನ್ನು ಬರೆಯುತ್ತ ಬಂದಿದ್ದೇವೆ. ಈ ಸಲ ಕಾರಿನ ವಿಷಯ. ನಮ್ಮ ಬಂಧುಗಳಲ್ಲಿ ಯಾರ ಮನೆಗೆ ಹೋದರೂ ಈಗ ಒಂದು ಚರ್ಚೆ ನಡೆದೇ ಇರುತ್ತದೆ. ಹಳೆಯ ಕಾರು ಕೊಟ್ಟು ಹೊಸದು ತರಬೇಕು; ಗೇರಿನದು ತರುವುದೋ ಆಟೊಮ್ಯಾಟಿಕ್ ತರುವುದೋ? ಹಿರಿಯರು ಒಂದು ಹೇಳುತ್ತಾರೆ, ಮಕ್ಕಳು ಇನ್ನೊಂದು ಹೇಳುತ್ತಾರೆ. ಮಾತು ಮೈಲೇಜಿನಿಂದ ಶುರುವಾಗಿ ಮರ್ಯಾದೆಯವರೆಗೆ ಹೋಗಿ ನಿಲ್ಲುತ್ತದೆ.

ನಮ್ಮ ದೇವನಕೊಂಡದ ಮನೆಯಲ್ಲೂ ಈ ಚರ್ಚೆ ಎರಡು ವರ್ಷ ನಡೆಯಿತು. ಒಂದು ರಾತ್ರಿ ಅದಕ್ಕೆ ಬೇರೆಯೇ ಅರ್ಥ ಬಂತು. ಆ ರಾತ್ರಿಯನ್ನು ಕೊನೆಗೆ ಹೇಳುತ್ತೇವೆ. ಮೊದಲು ವಿಷಯ ತಿಳಿದುಕೊಳ್ಳೋಣ. ನಮಗೆ ಕಾರು ಓಡಿಸಲು ಬಾರದು ಎಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇವೆ. ನಲವತ್ತು ವರ್ಷ ಅಂಗಡಿಯ ಗಲ್ಲಾದ ಹಿಂದೆ ಕುಳಿತದ್ದೇ ಹೆಚ್ಚು. ಆದರೆ ಕೇಳಿ ತಿಳಿಯುವ ಅಭ್ಯಾಸ ನಮಗಿದೆ. ಆದೋನಿಯ ಮೆಕ್ಯಾನಿಕ್ಕರನ್ನೂ ಹತ್ತಿ ಸಾಗಿಸುವ ಹಳೆಯ ಲಾರಿ ಚಾಲಕರನ್ನೂ ಮನೆಯ ಮಕ್ಕಳನ್ನೂ ಕೇಳಿ ಕೇಳಿ ಇದನ್ನು ಬರೆದಿದ್ದೇವೆ.

ಗೇರು ಏಕೆ ಬೇಕು?

ಎಂಜಿನ್ ಎಂಬುದು ಜೋರಾಗಿ ತಿರುಗಿದಾಗ ಮಾತ್ರ ಬಲ ಕೊಡುವ ಯಂತ್ರ. ನಿಂತ ಗಾಡಿಯನ್ನು ಕದಲಿಸಲು ಬಹಳ ಬಲ ಬೇಕು, ಆಗ ವೇಗ ಬೇಡ. ಓಡುವ ಗಾಡಿಗೆ ವೇಗ ಬೇಕು, ಅಷ್ಟು ಬಲ ಬೇಡ. ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಪಡೆಯುವ ವ್ಯವಸ್ಥೆಯೇ ಗೇರು. ಮೊದಲನೇ ಗೇರು ಬಲದ್ದು, ಐದನೆಯದು ವೇಗದ್ದು. ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಚ್ಚು ಲಾಭಕ್ಕೆ ಕಡಿಮೆ ಮಾರಾಟ, ಕಡಿಮೆ ಲಾಭಕ್ಕೆ ಹೆಚ್ಚು ಮಾರಾಟ; ಎರಡೂ ಒಟ್ಟಿಗೆ ಸಿಗುವುದು ಅಪರೂಪ.

ಇನ್ನು ಕ್ಲಚ್. ಎಂಜಿನ್ ಸದಾ ತಿರುಗುತ್ತಿರುತ್ತದೆ, ಗಾಲಿ ನಿಲ್ಲಬೇಕಾಗುತ್ತದೆ. ಇಬ್ಬರನ್ನೂ ಒಮ್ಮೆ ಸೇರಿಸಬೇಕು, ಒಮ್ಮೆ ಬೇರ್ಪಡಿಸಬೇಕು. ಮಂಡಿಯಲ್ಲಿ ರೈತನಿಗೂ ಖರೀದಿದಾರನಿಗೂ ನಡುವೆ ದಲಾಲಿ ಇದ್ದಂತೆ, ಎಂಜಿನ್ನಿಗೂ ಗಾಲಿಗೂ ನಡುವೆ ಕ್ಲಚ್. ದಲಾಲಿ ಅವಸರ ಮಾಡಿದರೆ ವ್ಯವಹಾರ ಮುರಿಯುತ್ತದೆ. ಎಡಗಾಲು ಅವಸರ ಮಾಡಿದರೆ ಗಾಡಿ ಗಕ್ಕನೆ ನಿಂತು ಎಂಜಿನ್ ಆರುತ್ತದೆ. ಗೇರಿನ ಕಾರು ಕಲಿಯುವುದೆಂದರೆ ಮುಕ್ಕಾಲು ಪಾಲು ಈ ದಲಾಲಿಯ ತಾಳ್ಮೆಯನ್ನು ಎಡಗಾಲಿಗೆ ಕಲಿಸುವುದು.

ಫ್ರಾನ್ಸಿನ ಪನಾರ್ ಮತ್ತು ಲೆವಾಸೊರ್ ಎಂಬುವರು 1891ರ ಸುಮಾರಿಗೆ, ಮುಂದೆ ಎಂಜಿನ್, ಅದರ ಹಿಂದೆ ಕ್ಲಚ್, ಅದರ ಹಿಂದೆ ಗೇರು ಪೆಟ್ಟಿಗೆ ಎಂಬ ಜೋಡಣೆಯನ್ನು ರೂಢಿಗೆ ತಂದರು. ಆ ಕಾಲದ ಗೇರು ಬದಲಿಸುವುದು ಸುಲಭವಿರಲಿಲ್ಲ. ಹಲ್ಲಿಗೆ ಹಲ್ಲು ಕೂಡದೆ ಕರಕರ ಎನ್ನುತ್ತಿತ್ತು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ, ಹಲ್ಲುಗಳ ವೇಗವನ್ನು ಮೊದಲು ಹೊಂದಿಸಿ ಆಮೇಲೆ ಕೂಡಿಸುವ ಏರ್ಪಾಡು ಬಂತು. ನಮ್ಮ ಕಡೆಯ ಹಳೆಯ ಲಾರಿಗಳಲ್ಲಿ ಆ ಅನುಕೂಲವೂ ಇರಲಿಲ್ಲ. ಒಂದು ಗೇರಿಗೆ ಎರಡು ಸಲ ಕ್ಲಚ್ ಒತ್ತುವ 'ಡಬಲ್ ಕ್ಲಚ್' ವಿದ್ಯೆಯನ್ನು ಆದೋನಿಯ ಹಿರಿಯ ಚಾಲಕರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ಕ್ಲಚ್ ಪೆಡಲೇ ಇಲ್ಲದ ಗೇರು ಪೆಟ್ಟಿಗೆಯನ್ನು ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 'ಹೈಡ್ರಾಮ್ಯಾಟಿಕ್' ಎಂಬ ಹೆಸರಿನಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಿಗೆಂದು 1939ರಲ್ಲಿ ಮಾರಾಟಕ್ಕೆ ತಂದಿತು. ಅಂದರೆ ಮಕ್ಕಳು 'ಹೊಸದು' ಎನ್ನುವ ಆಟೊಮ್ಯಾಟಿಕ್ ನಮ್ಮ ತಂದೆಯವರ ಕಾಲದ್ದು. ನಮ್ಮ ದೇಶಕ್ಕೆ ತಡವಾಗಿ ಬಂತು, ಅಷ್ಟೆ.

ನಮ್ಮಲ್ಲಿ ನಡೆದ ಬದಲಾವಣೆ

ನಮ್ಮ ಪೀಳಿಗೆಯವರಿಗೆ ಕಾರು ಎಂದರೆ ಅಂಬಾಸಿಡರ್. 1958ರಿಂದ ಬಂದ ಆ ಕಾರಿನಲ್ಲಿ ಬಹುಕಾಲ ಗೇರಿನ ಕೋಲು ಸ್ಟೇರಿಂಗಿನ ಪಕ್ಕದಲ್ಲೇ ಇರುತ್ತಿತ್ತು. ಮುಂದಿನ ಸೀಟಿನಲ್ಲಿ ಮೂವರು, ಹಿಂದೆ ಐವರು, ಮಕ್ಕಳ ಲೆಕ್ಕವಿಲ್ಲ! 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಬೆಲೆ ಸುಮಾರು 47,500 ರೂಪಾಯಿ. ಕೂಡು ಕುಟುಂಬದ ಕಾರು ಹೋಗಿ ಗಂಡ, ಹೆಂಡತಿ, ಎರಡು ಮಕ್ಕಳ ಕಾರು ಬಂತು ಎಂದು ನಮ್ಮ ತಂದೆಯವರು ಆಗ ಹೇಳುತ್ತಿದ್ದರು.

ಬೆಂಗಳೂರಿನಲ್ಲಿ 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬಂತು. ಅದಕ್ಕೆ ಕ್ಲಚ್ಚೂ ಇರಲಿಲ್ಲ, ಬದಲಿಸಬೇಕಾದ ಗೇರೂ ಇರಲಿಲ್ಲ. ನೋಡಿದವರು ಆಟಿಕೆ ಎಂದರು. ಆದರೆ ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ಬಲ ಕೊಡುವುದರಿಂದ ಅದಕ್ಕೆ ಗೇರುಗಳ ಸಾಲು ಬೇಕಾಗುವುದಿಲ್ಲ ಎಂಬ ಪಾಠವನ್ನು ಕನ್ನಡ ನಾಡಿನ ರಸ್ತೆಗಳಿಗೆ ಮೊದಲು ತೋರಿಸಿದ್ದು ಅದೇ.

2014ನೆಯ ಇಸವಿಯನ್ನು ನೆನಪಿಡಬೇಕು. ಆ ವರ್ಷದ ಜನವರಿಯಲ್ಲಿ ಮಾರುತಿ 800ರ ತಯಾರಿಕೆ ನಿಂತಿತು. ಮೇ ತಿಂಗಳಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತಿತು. ಅವೆರಡರ ನಡುವೆ, ಫೆಬ್ರವರಿಯಲ್ಲಿ, ಮಾರುತಿಯ ಸೆಲೆರಿಯೊ ಕಾರು ಕಡಿಮೆ ಬೆಲೆಯ ಆಟೊಮ್ಯಾಟಿಕ್ ಗೇರಿನೊಂದಿಗೆ ಬಂತು. ಅದಕ್ಕೂ ಮೊದಲು ಆಟೊಮ್ಯಾಟಿಕ್ ಕಾರುಗಳು ಇದ್ದವು. 1990ರ ದಶಕದಲ್ಲೇ ಮಾರುತಿ ಝೆನ್ ಆಟೊಮ್ಯಾಟಿಕ್ ಸಿಗುತ್ತಿತ್ತು. ಆದರೆ ಅವು ದುಬಾರಿ, ಪೆಟ್ರೋಲು ಹೆಚ್ಚು ಕುಡಿಯುತ್ತವೆ ಎಂಬ ಹೆಸರು ಇತ್ತು. ಮಧ್ಯಮ ವರ್ಗದ ಮನೆಗೆ ಆಟೊಮ್ಯಾಟಿಕ್ ಕಾಲಿಟ್ಟಿದ್ದು 2014ರ ನಂತರವೇ. ಈಗ ಬೆಂಗಳೂರಿನ ಪಕ್ಕದ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಕಾರು ಕ್ಲಚ್ ಪೆಡಲಿನೊಂದಿಗೆ ಸಿಗುವುದೇ ಇಲ್ಲ.

ಆಟೊಮ್ಯಾಟಿಕ್ ಎಂದರೆ ಒಂದೇ ಅಲ್ಲ

ಅಂಗಡಿಯಲ್ಲಿ 'ಎಣ್ಣೆ ಕೊಡಿ' ಎಂದರೆ ನಾವು 'ಯಾವ ಎಣ್ಣೆ?' ಎಂದು ಕೇಳುತ್ತೇವಲ್ಲವೆ? ಕಾರಿನ ಅಂಗಡಿಯಲ್ಲೂ ಹಾಗೆಯೇ ಕೇಳಬೇಕು. ಆಟೊಮ್ಯಾಟಿಕ್ಕಿನಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿವೆ.

ಒಂದನೆಯದು ಎಎಂಟಿ. ಇದರೊಳಗೆ ಇರುವುದು ಅದೇ ಗೇರು ಪೆಟ್ಟಿಗೆ, ಅದೇ ಕ್ಲಚ್ ಪ್ಲೇಟು. ನಮ್ಮ ಎಡಗಾಲು ಮತ್ತು ಎಡಗೈ ಮಾಡುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. ಗೇರಿನ ಕಾರಿಗಿಂತ ಸಾಮಾನ್ಯವಾಗಿ ಅರ್ಧ ಲಕ್ಷದ ಆಸುಪಾಸು ಹೆಚ್ಚು ಬೆಲೆ. ಮೈಲೇಜು ಹೆಚ್ಚುಕಡಿಮೆ ಗೇರಿನ ಕಾರಿನಷ್ಟೇ. ದೋಷವೆಂದರೆ ಗೇರು ಬದಲಾಗುವಾಗ ಸ್ವಲ್ಪ ತಲೆದೂಗಿದಂತೆ ಆಗುತ್ತದೆ. ಆ ಕ್ಷಣ ಆಕ್ಸಿಲರೇಟರ್ ತುಸು ಸಡಿಲಿಸಿದರೆ ಅದೂ ಕಡಿಮೆಯಾಗುತ್ತದೆ.

ಎರಡನೆಯದು ಟಾರ್ಕ್ ಕನ್ವರ್ಟರ್. ಇದರಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ತುಂಬಿದ ಪೆಟ್ಟಿಗೆ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದು ತಿರುಗುತ್ತದೆ ನೋಡಿ, ಇಲ್ಲಿ ಗಾಳಿಯ ಬದಲು ಎಣ್ಣೆ. ನಯವಾಗಿ ಓಡುತ್ತದೆ, ಬಾಳಿಕೆಗೆ ಹೆಸರಾದದ್ದು, ಬೆಲೆ ಹೆಚ್ಚು.

ಮೂರನೆಯದು ಸಿವಿಟಿ. ಹಿಟ್ಟಿನ ಗಿರಣಿಯ ಬೆಲ್ಟನ್ನು ಎಲ್ಲರೂ ನೋಡಿದ್ದೀರಿ. ಎರಡು ಚಕ್ರ, ನಡುವೆ ಒಂದು ಬೆಲ್ಟು. ಇಲ್ಲಿ ಆ ಚಕ್ರಗಳೇ ಅಗಲ ಕಿರಿದಾಗುತ್ತ ಬಲ–ವೇಗವನ್ನು ಹೊಂದಿಸುತ್ತವೆ. ಗೇರು ಬದಲಾದದ್ದು ತಿಳಿಯುವುದೇ ಇಲ್ಲ.

ನಾಲ್ಕನೆಯದು ಎರಡು ಕ್ಲಚ್ಚಿನದು. ಒಂದು, ಮೂರು, ಐದನೇ ಗೇರಿಗೆ ಒಂದು ಕ್ಲಚ್. ಎರಡು, ನಾಲ್ಕು, ಆರನೆಯದಕ್ಕೆ ಇನ್ನೊಂದು. ಒಂದು ಕೆಲಸ ಮಾಡುವಾಗ ಇನ್ನೊಂದು ಸಿದ್ಧವಾಗಿ ನಿಂತಿರುತ್ತದೆ. ಬಹಳ ಚುರುಕು. ಆದರೆ ಬೆಲೆಯೂ ರಿಪೇರಿಯೂ ಭಾರಿ. ಇಂಚಿಂಚು ಸರಿಯುವ ವಾಹನ ಸಂದಣಿಯಲ್ಲಿ ಕೆಲವು ಬಗೆಯವು ಬಿಸಿಯಾಗುತ್ತವೆ.

ಎಎಂಟಿ ಬಿಟ್ಟರೆ ಉಳಿದ ಮೂರಕ್ಕೆ ಸಾಮಾನ್ಯವಾಗಿ ಲಕ್ಷ ಅಥವಾ ಅದಕ್ಕೂ ಮೇಲೆ ಹೆಚ್ಚು ಕೊಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಎಡಗಾಲಿಗೂ ಅನ್ವಯಿಸುತ್ತದೆ. ಇನ್ನೊಂದು ಮಾತು. ಕೊಳ್ಳುವ ಮುಂಚೆ, ಅದನ್ನು ಬಿಚ್ಚಿ ಜೋಡಿಸಬಲ್ಲ ಕೈ ನಿಮ್ಮ ಊರಿನಿಂದ ಎಷ್ಟು ದೂರದಲ್ಲಿದೆ ಎಂದು ಕೇಳಿಕೊಳ್ಳಿ. ಬೆಂಗಳೂರಿನವರಿಗೆ ಇದು ಪ್ರಶ್ನೆಯೇ ಅಲ್ಲ. ನಮ್ಮ ದೇವನಕೊಂಡದವರಿಗೆ ಆದೋನಿಯೋ ಕರ್ನೂಲೋ ಬಳ್ಳಾರಿಯೋ ಎಂಬುದು ಲೆಕ್ಕಕ್ಕೆ ಬರುತ್ತದೆ. ಬ್ಯಾಟರಿ ಸತ್ತ ಗೇರಿನ ಕಾರನ್ನು ನಾಲ್ಕು ಜನ ತಳ್ಳಿ ಚಾಲೂ ಮಾಡಬಹುದು. ಆಟೊಮ್ಯಾಟಿಕ್ಕನ್ನು ಹಾಗೆ ತಳ್ಳಿ ಚಾಲೂ ಮಾಡಲಾಗದು; ಇನ್ನೊಂದು ಕಾರಿನ ಬ್ಯಾಟರಿಯಿಂದ ವೈರು ಕೊಡಬೇಕು. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಯುವುದೂ ಅಪಾಯ. ತಿರುಗುವ ಗಾಲಿಗಳು ಒಳಗಿನ ಗೇರನ್ನು ಹಾಳುಮಾಡಬಹುದು. ಲಾರಿಯ ಮೇಲೆ ಹೇರಿಕೊಂಡೇ ಹೋಗಬೇಕು.

ಅಣ್ಣನ ಎಡಗಾಲು

ನಮ್ಮ ಮನೆಯ ಮಾತಿಗೆ ಬರುತ್ತೇವೆ. ನಮ್ಮದು ಎರಡು ಕುಟುಂಬ ಕೂಡಿ ಇರುವ ಮನೆ. ಅಣ್ಣನವರಿಗೆ ಈಗ 68 ವರ್ಷ. ಅಂಬಾಸಿಡರ್ ಕಾಲದಿಂದ ಓಡಿಸಿದವರು. ಅವರ ಹತ್ತಿರ ಒಂದು ಹಳೆಯ ಗೇರಿನ ಕಾರಿದೆ. ಅವರ ಮಗನದು ಆದೋನಿಯಲ್ಲಿ ಹತ್ತಿಯ ಕಮಿಷನ್ ವ್ಯಾಪಾರ. ಆತ 2022ರಲ್ಲಿ ಎಎಂಟಿ ಕಾರು ತಂದ. ಅಣ್ಣನವರಿಗೆ ಸರಿಬೀಳಲಿಲ್ಲ.

"ಎರಡೇ ಪೆಡಲಿನ ಗಾಡಿ ಅಂದ್ರ ಅದು ಸಂತಿ ಜಾತ್ರಿ ಒಳಗಿನ ಮಕ್ಕಳ ಗಾಡಿ" ಎಂದರು.

ಆದರೂ ಒಂದು ದಿನ ಮನಸ್ಸು ಮಾಡಿ ಚಾಲಕನ ಸೀಟಿನಲ್ಲಿ ಕುಳಿತರು. ಅತ್ತಿಗೆ ಹಿಂದೆ ಕುಳಿತರು. ಕೋಡುಮೂರಿನ ದಾರಿಯಲ್ಲಿ ಎರಡು ಮೈಲಿ ಚೆನ್ನಾಗಿಯೇ ಹೋಯಿತು. ಎದುರಿಗೆ ಕುರಿ ಮಂದೆ ಬಂತು. ನಲವತ್ತೈದು ವರ್ಷದ ಅಭ್ಯಾಸ. ಎಡಗಾಲು ತಾನಾಗಿಯೇ ಕ್ಲಚ್ ಹುಡುಕಿತು. ಕ್ಲಚ್ ಇರಬೇಕಾದ ಕಡೆ ಬ್ರೇಕಿನ ಅಗಲವಾದ ಪೆಡಲ್ ಸಿಕ್ಕಿತು. ಕ್ಲಚ್ಚನ್ನು ಒತ್ತುವಂತೆಯೇ ಪೂರ್ತಿ ಒತ್ತಿಬಿಟ್ಟರು. ಕಾರು ಗೋಡೆಗೆ ಬಡಿದಂತೆ ನಿಂತಿತು. ಅತ್ತಿಗೆಯವರ ಹಣೆ ಮುಂದಿನ ಸೀಟಿಗೆ ತಾಗಿ ಊದಿಕೊಂಡಿತು. ಕುರಿಗಳಿಗೆ ಏನೂ ಆಗಲಿಲ್ಲ, ಪುಣ್ಯ. ಅಣ್ಣನವರು ಕೀಲಿಕೈ ಮಗನ ಕೈಗಿಟ್ಟು, ಆ ಕಾರನ್ನು ಮತ್ತೆ ಮುಟ್ಟುವುದಿಲ್ಲ ಎಂದರು.

ಗೇರಿನ ಕಾರಿನಿಂದ ಆಟೊಮ್ಯಾಟಿಕ್ಕಿಗೆ ಬರುವವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಎಡಗಾಲಿಗೆ ಇಲ್ಲಿ ಕೆಲಸವಿಲ್ಲ. ಮೊದಲ ಕೆಲವು ದಿನ ಎಡಗಾಲನ್ನು ಹಿಂದಕ್ಕೆ ಎಳೆದು ಸೀಟಿನ ಬುಡಕ್ಕೆ ಇಟ್ಟುಕೊಳ್ಳಿ. ಬ್ರೇಕ್, ಆಕ್ಸಿಲರೇಟರ್ ಎರಡೂ ಬಲಗಾಲಿನದೇ ಕೆಲಸ. ಹಿಂದೆ ಕುಳಿತವರೂ ಬೆಲ್ಟು ಹಾಕಿಕೊಳ್ಳಬೇಕು. ಅತ್ತಿಗೆಯವರು ಅಂದು ಹಾಕಿಕೊಂಡಿರಲಿಲ್ಲ.

ಇನ್ನೊಂದು ಎಚ್ಚರ ಮಕ್ಕಳಿರುವ ಮನೆಗೆ. ಹಲವು ಆಟೊಮ್ಯಾಟಿಕ್ ಕಾರುಗಳು 'ಡಿ'ಯಲ್ಲಿದ್ದಾಗ ಬ್ರೇಕಿನಿಂದ ಕಾಲು ತೆಗೆದರೆ ತಾವಾಗಿಯೇ ಮೆಲ್ಲಗೆ ತೆವಳುತ್ತವೆ. ಅಂಗಳದಲ್ಲಿ ಯಾರೋ ಕರೆದರೆಂದು 'ಡಿ'ಯಲ್ಲೇ ಬಿಟ್ಟು ಇಳಿದವರಿದ್ದಾರೆ. ನಿಲ್ಲಿಸುವಾಗ ಬ್ರೇಕ್ ಒತ್ತಿ, ಕೈಬ್ರೇಕ್ ಎಳೆದು, 'ಪಿ' ಇದ್ದರೆ 'ಪಿ'ಗೆ ತಂದು, ಎಂಜಿನ್ ಆರಿಸಿಯೇ ಇಳಿಯಬೇಕು. ಎಎಂಟಿ ಕಾರುಗಳಲ್ಲಿ ಸಾಮಾನ್ಯವಾಗಿ 'ಪಿ' ಇರುವುದಿಲ್ಲ. ಅಲ್ಲಿ ಕೈಬ್ರೇಕಿನ ಮೇಲೇ ಭಾರ.

ಆಗುಂಬೆಯ ಇಳಿಜಾರು

2023ರ ದೀಪಾವಳಿ ಕಳೆದ ಮೇಲೆ ಎಲ್ಲರೂ ಕೂಡಿ ಕಾರ್ಕಳ, ಮೂಡುಬಿದಿರೆ, ವೇಣೂರು ದರ್ಶನಕ್ಕೆ ಹೊರಟೆವು. ತೀರ್ಥಹಳ್ಳಿ ದಾಟಿ ಆಗುಂಬೆಗೆ ಬಂದೆವು. ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಅಣ್ಣನ ಮಗ ಓಡಿಸುತ್ತಿದ್ದ. ಬಯಲುಸೀಮೆಯ ಹುಡುಗ, ಅಲ್ಲಿಯವರೆಗೆ ಘಾಟಿ ಇಳಿದವನಲ್ಲ. 'ಡಿ'ಯಲ್ಲಿ ಬಿಟ್ಟು ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿಸುತ್ತಿದ್ದ. ಅರ್ಧ ಇಳಿಯುವಷ್ಟರಲ್ಲಿ ಏನೋ ಸುಟ್ಟ ವಾಸನೆ.

ಅಣ್ಣನವರು, "ನಿಲ್ಲಿಸಪ್ಪಾ, ತಿರುವಿನಾಗ ಬ್ಯಾಡ, ಮುಂದ ಜಾಗ ನೋಡಿ ನಿಲ್ಲಿಸು" ಎಂದರು.

ನಿಲ್ಲಿಸಿದೆವು. ಬ್ರೇಕುಗಳು ಕಾದಿದ್ದವು. ಬ್ರೇಕು ಮಿತಿಮೀರಿ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ; ಎಷ್ಟು ಒತ್ತಿದರೂ ಗಾಡಿ ನಿಲ್ಲದು. ನೀರು ಸುರಿಯಲು ಹೋದವನನ್ನು ಅಣ್ಣನವರು ತಡೆದರು. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರಿಯಬಹುದು. ಅರ್ಧ ಗಂಟೆ ಸುಮ್ಮನೆ ಕುಳಿತೆವು.

ಆಗ ಅಣ್ಣನವರು ಕೇಳಿದರು: "ಈ ಗಾಡಿಯೊಳಗ ಗೇರು ನಮ್ಮ ಕೈಗೆ ಬರಂಗ ಮಾಡೋ ದಾರಿ ಇಲ್ಲೇನು?"

ಇತ್ತು. 'ಎಂ' ಎಂದು ಬರೆದ ಕಡೆ ಕೋಲನ್ನು ಸರಿಸಿದರೆ ಗೇರನ್ನು ನಾವೇ ಆರಿಸಬಹುದು. ಮಗನಿಗೆ ಅದು ಇರುವುದು ಗೊತ್ತಿತ್ತು, ಏಕೆ ಇದೆ ಎಂಬುದು ಗೊತ್ತಿರಲಿಲ್ಲ. ಎರಡನೇ ಗೇರಿಗೆ ಹಾಕಿಸಿದರು. ಎಂಜಿನ್ನೇ ಗಾಡಿಯನ್ನು ಹಿಡಿದು ನಿಧಾನಗೊಳಿಸತೊಡಗಿತು. ಬ್ರೇಕು ತಿರುವಿಗೆ ಮಾತ್ರ. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಇದು ಹಳೆಯ ಚಾಲಕರ ಸೂತ್ರ. ಅದು ಆಟೊಮ್ಯಾಟಿಕ್ಕಿಗೂ ಸಲ್ಲುತ್ತದೆ. ಕೆಲವು ಕಾರುಗಳಲ್ಲಿ 'ಎಂ' ಬದಲು 'ಎಲ್' ಅಥವಾ '2' ಎಂದಿರುತ್ತದೆ. ನಿಮ್ಮ ಕಾರಿನಲ್ಲಿ ಏನಿದೆ ಎಂದು ಘಾಟಿಗೆ ಹೋಗುವ ಮೊದಲೇ ನೋಡಿಕೊಳ್ಳಿ.

ಪೆಟ್ರೋಲು ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಅಭ್ಯಾಸ ನಮ್ಮ ವ್ಯಾಪಾರಿ ಬಂಧುಗಳಲ್ಲಿ ಬಹಳ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ತಾನೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಆರದಿರಲು ಇಂಧನ ಸುಡುತ್ತಲೇ ಇರುತ್ತದೆ. ಅಂದರೆ ಉಳಿತಾಯವೂ ಇಲ್ಲ, ಗಾಡಿಯ ಮೇಲೆ ಎಂಜಿನ್ನಿನ ಹಿಡಿತವೂ ಇಲ್ಲ. ಇಂಥ ಲೆಕ್ಕವನ್ನು ಯಾವ ವ್ಯಾಪಾರಿಯೂ ಒಪ್ಪಬಾರದು.

ಅಂದು ಹೊತ್ತು ಮುಳುಗುವ ಮುನ್ನ ಕಾರ್ಕಳ ಸೇರಿ ಊಟ ಮಾಡಬೇಕೆಂದಿದ್ದೆವು. ಆಗಲಿಲ್ಲ. ಅತ್ತಿಗೆಯವರು ನೀರೂ ಮುಟ್ಟದೆ ಮಲಗಿದರು. ಮಗ ಬಂದು ತಪ್ಪಾಯಿತೆಂದಾಗ, "ಊಟದ್ದೇನಪ್ಪಾ, ನಾಳೆ ಮಾಡಿದರಾಯ್ತು. ಎಲ್ಲರೂ ನೆಟ್ಟಗ ಬಂದ್ವಲ್ಲ" ಎಂದರು.

ಆ ರಾತ್ರಿ

2024ರ ಕಾರ್ತೀಕದಲ್ಲಿ, ಹತ್ತಿಯ ಸುಗ್ಗಿ ಜೋರಾಗಿದ್ದ ಕಾಲ. ಅಣ್ಣನವರಿಗೆ ಎಡಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಮೂರು ವಾರವಾಗಿತ್ತು. ಮಗ ಮರುದಿನದ ಮಾರುಕಟ್ಟೆಗೆಂದು ಎಎಂಟಿ ಕಾರು ತೆಗೆದುಕೊಂಡು ಆದೋನಿಗೆ ಹೋಗಿ ಅಲ್ಲೇ ಉಳಿದಿದ್ದ. ರಾತ್ರಿ ಒಂದೂವರೆಗೆ ಅತ್ತಿಗೆಯವರಿಗೆ ಎದೆ ಬಿಗಿದು ಉಸಿರಾಟ ಕಷ್ಟವಾಯಿತು.

108ಕ್ಕೆ ಫೋನು ಮಾಡಿದೆವು. ಆಂಧ್ರದಲ್ಲಿ 2005ರಿಂದ ಈ ಸೇವೆ ಇದೆ. ಹೊರಟಿದ್ದೇವೆ ಎಂದು ಹೇಳಿದರು. ಆದರೆ ಕಾಯುವವರಿಗೆ ಒಂದೊಂದು ನಿಮಿಷವೂ ಒಂದೊಂದು ಯುಗ. ಕಾರು ಅಂಗಳದಲ್ಲೇ ಇದೆ, ಕರ್ನೂಲಿನ ಕಡೆಗೆ ಹೊರಟುಬಿಡೋಣ, ಆಂಬುಲೆನ್ಸ್ ದಾರಿಯಲ್ಲೇ ಸಿಗಲಿ ಎಂದುಕೊಂಡೆವು. ಓಡಿಸುವವರು ಯಾರು?

ಅಣ್ಣನವರಿಗೆ ಕಾಲು ಮಡಚಲು ಬಾರದು. ನಮಗೆ ವಿದ್ಯೆಯೇ ಇಲ್ಲ. ಸೊಸೆಯ ಹತ್ತಿರ ಲೈಸೆನ್ಸ್ ಇತ್ತು. ಆಕೆ ಹೋಗಿ ಅಣ್ಣನವರ ಗೇರಿನ ಕಾರಿನಲ್ಲಿ ಕುಳಿತಳು. ಚಾಲೂ ಮಾಡಿದಳು. ಕಾರು ಒಂದು ಸಲ ಜಿಗಿದು ಆರಿತು. ಮತ್ತೊಮ್ಮೆ ಜಿಗಿಯಿತು, ಆರಿತು. ಮೂರನೆಯ ಸಲ ಗೇಟಿನ ಕಂಬಕ್ಕೆ ತಾಗಿ ನಿಂತಿತು. ಆಕೆ ಕಲಿತದ್ದು ಗಂಡನ ಎಎಂಟಿ ಕಾರಿನಲ್ಲಿ. ಪರೀಕ್ಷೆ ಕೊಟ್ಟದ್ದೂ ಅದರಲ್ಲೇ.

"ನನಗ ಬರಂಗಿಲ್ಲ ಮಾವಾ" ಎಂದು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತಳು.

ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಸಿಬ್ಬಂದಿ ಅಲ್ಲಿಯೇ ಆಮ್ಲಜನಕ ಕೊಟ್ಟರು, ಕರ್ನೂಲಿಗೆ ಕರೆದೊಯ್ದರು. ಅತ್ತಿಗೆಯವರು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಈಗ ಕ್ಷೇಮವಾಗಿದ್ದಾರೆ. ಆದರೆ ಅಂದು ಕಾದ ಆ ಹೊತ್ತನ್ನು ನಾವು ಮರೆಯಲಾರೆವು. ಮನೆಯಲ್ಲಿ ಕಾರಿತ್ತು, ಪೆಟ್ರೋಲಿತ್ತು, ಲೈಸೆನ್ಸಿತ್ತು. ಆದರೂ ಗಾಡಿ ಗೇಟು ದಾಟಲಿಲ್ಲ.

ಕಾನೂನು ಕೇಳದ ಪ್ರಶ್ನೆ

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರ್ ಸೈಕಲ್ಲಿಗೆ 'ಗೇರ್ ಸಹಿತ', 'ಗೇರ್ ರಹಿತ' ಎಂದು ಎರಡು ವರ್ಗಗಳಿವೆ. ಕಾರಿಗೆ ಅಂಥ ಭೇದವಿಲ್ಲ. ಎರಡೂ 'ಲಘು ಮೋಟಾರು ವಾಹನ'. ಬ್ರಿಟನ್ನಿನಲ್ಲಿ ಆಟೊಮ್ಯಾಟಿಕ್ಕಿನಲ್ಲಿ ಪರೀಕ್ಷೆ ಕೊಟ್ಟವರು ಆಟೊಮ್ಯಾಟಿಕ್ಕನ್ನೇ ಓಡಿಸಬೇಕು. ನಮ್ಮಲ್ಲಿ ಯಾವುದರಲ್ಲಿ ಪರೀಕ್ಷೆ ಕೊಟ್ಟರೂ ಎರಡನ್ನೂ ಓಡಿಸುವ ಹಕ್ಕು ಸಿಗುತ್ತದೆ. ಹಕ್ಕು ಕಾಗದದಲ್ಲಿ ಬರುತ್ತದೆ, ವಿದ್ಯೆ ಕಾಗದದಲ್ಲಿ ಬರುವುದಿಲ್ಲ. ಇಲಾಖೆ ಕೇಳದ ಪ್ರಶ್ನೆಯನ್ನು ಮನೆಯವರೇ ಕೇಳಿಕೊಳ್ಳಬೇಕು: 'ನಮ್ಮ ಅಂಗಳದಲ್ಲಿ ನಿಂತಿರುವ ಗಾಡಿಯನ್ನು, ಮನೆಯಲ್ಲಿ ಉಳಿಯುವವರಲ್ಲಿ ಯಾರು ಓಡಿಸಬಲ್ಲರು?'

ನಮ್ಮ ವ್ಯಾಪಾರಿ ಮನೆಗಳಲ್ಲಿ ಕಾರು ಕೊಳ್ಳುವವರು ಗಂಡಸರು. ಅವರು ಸುಗ್ಗಿಯಲ್ಲಿ ಮಂಡಿಯಲ್ಲಿರುತ್ತಾರೆ, ಖರೀದಿಗೆಂದು ಊರೂರು ಸುತ್ತುತ್ತಾರೆ. ಮನೆಯಲ್ಲಿ ಉಳಿಯುವವರು ಹೆಂಗಸರು, ವೃದ್ಧರು, ಮಕ್ಕಳು. ಕಾರು ಆರಿಸುವಾಗ ಅವರನ್ನು ಬಣ್ಣ ಯಾವುದಿರಲಿ ಎಂದು ಮಾತ್ರ ಕೇಳುತ್ತೇವೆ. ಅದು ನಮ್ಮ ತಪ್ಪು. ನಾವೂ ಆ ತಪ್ಪು ಮಾಡಿದವರೇ.

ಹಾಗಾದರೆ ಯಾವುದು?

ನಮ್ಮ ಅಭಿಪ್ರಾಯ ಕೇಳಿದರೆ ಹೀಗೆ ಹೇಳುತ್ತೇವೆ. ಮನೆಯಲ್ಲಿ ಒಂದೇ ಕಾರು ಇರುವುದಾದರೆ, ಮೊಣಕಾಲು ನೋವಿನ ಹಿರಿಯರೂ ಹೊಸದಾಗಿ ಕಲಿಯುವ ಸೊಸೆ–ಮಗಳೂ ಇರುವುದಾದರೆ, ಆಟೊಮ್ಯಾಟಿಕ್ ತನ್ನಿ. ಎಡಗಾಲು ಸೋತವರಿಗೂ ಅದು ವರವೇ ಸರಿ. ಪಟ್ಟಣದ ಸಂದಣಿಯಲ್ಲಿ ದಿನಕ್ಕೆ ನೂರಾರು ಸಲ ಕ್ಲಚ್ ಒತ್ತುವವರಿಗೂ ಅದೇ ಸುಖ. ದುಡ್ಡಿನ ಲೆಕ್ಕ ಬಿಗಿಯಾಗಿದ್ದರೆ, ಮೆಕ್ಯಾನಿಕ್ ದೂರದಲ್ಲಿದ್ದರೆ, ಸಂಬಳದ ಚಾಲಕರು ಬದಲಾಗುತ್ತಿದ್ದರೆ, ಗೇರಿನದೇ ಸಾಕು. ಎರಡು ಕಾರುಗಳಿದ್ದು ಒಂದೊಂದು ಬಗೆಯದಾಗಿದ್ದರೆ, ಮನೆಯ ಎಲ್ಲರೂ ಎರಡನ್ನೂ ಕಲಿಯಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಹೊಸದಾಗಿ ಕಲಿಯುವವರಿಗೆ, ಮುಂದೆ ಓಡಿಸುವುದು ಯಾವುದೇ ಆಗಲಿ, ಮೊದಲು ಗೇರಿನ ಕಾರಿನಲ್ಲಿ ಕಲಿಸಿರಿ. ಅಲ್ಲಿಂದ ಇಲ್ಲಿಗೆ ಬರುವುದು ಕೆಲವು ದಿನದ ಕೆಲಸ. ಇಲ್ಲಿಂದ ಅಲ್ಲಿಗೆ ಹೋಗುವುದು ಹೊಸದಾಗಿ ಕಲಿತಂತೆಯೇ.

ನಮ್ಮ ಮನೆಯಲ್ಲಿ ಈಗ ಏನಾಗಿದೆ ಎಂದು ಹೇಳಿ ಮುಗಿಸುತ್ತೇವೆ. ಅತ್ತಿಗೆಯವರು ಮನೆಗೆ ಬಂದ ಮರುವಾರವೇ ಅಣ್ಣನವರು ಸೊಸೆಯನ್ನು ಕರೆದು, "ನಾಳೆಯಿಂದ ಬಾರಮ್ಮಾ, ಕ್ಲಚ್ ಹೇಳಿಕೊಡ್ತೀನಿ" ಎಂದರು. ಪ್ರತಿ ಭಾನುವಾರ ಬೆಳಿಗ್ಗೆ ಊರ ಹೊರಗಿನ ಬಯಲಿನಲ್ಲಿ ಪಾಠ. ಚಾಚಿದ ಕಾಲಿನೊಂದಿಗೆ ಪಕ್ಕದ ಸೀಟಿನಲ್ಲಿ ಅವರು. ಮೊದಲೆರಡು ವಾರ ಆಕ್ಸಿಲರೇಟರ್ ಮುಟ್ಟಗೊಡಲಿಲ್ಲ. ಕ್ಲಚ್ ಮೆಲ್ಲಗೆ ಬಿಡುತ್ತ ಗಾಡಿ ಕದಲುವ ಜಾಗವನ್ನು ಕಾಲಿಗೆ ಗುರುತು ಮಾಡಿಸಿದರು. ಎರಡು ತಿಂಗಳಲ್ಲಿ ಆಕೆ ಪತ್ತಿಕೊಂಡಕ್ಕೆ ಹೋಗಿಬರುವಷ್ಟಾದಳು.

ವೈದ್ಯರು ಒಪ್ಪಿದ ಮೇಲೆ ಪಾಠ ತಿರುಗಿತು. ಮುಟ್ಟುವುದಿಲ್ಲ ಎಂದಿದ್ದ ಎಎಂಟಿ ಕಾರಿನಲ್ಲಿ ಅಣ್ಣನವರು ಕುಳಿತರು, ಸೊಸೆ ಪಕ್ಕದಲ್ಲಿ. "ಮಾವಾ, ಎಡಗಾಲು ಹಿಂದಕ" ಎಂದು ಆಕೆ ಹೇಳುವುದು, "ಆಯ್ತಮ್ಮಾ" ಎಂದು ಅವರು ಎಳೆದುಕೊಳ್ಳುವುದು. 55 ದಾಟಿದವರು ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಣ್ಣನವರದು ಈ ವರ್ಷ ಮುಗಿಯುವುದಿತ್ತು, ಬಿಟ್ಟುಬಿಡುವ ಮನಸ್ಸಿನಲ್ಲಿದ್ದರು. ಈಗ ನವೀಕರಿಸಿದ್ದಾರೆ.

ಇನ್ನು ನಮ್ಮ ಸಂಗತಿ. ನಲವತ್ತು ದಾಟಿದವರು ವೈದ್ಯರ ಪ್ರಮಾಣಪತ್ರ ಕೊಡಬೇಕು, ಕೊಟ್ಟಿದ್ದೇವೆ. ಕಲಿಯುವವರ ಲೈಸೆನ್ಸ್ ಕೈಗೆ ಬಂದಿದೆ. ಅದಕ್ಕೆ ಆರು ತಿಂಗಳ ಅವಧಿ, ಪರೀಕ್ಷೆಗೆ ಕನಿಷ್ಠ 30 ದಿನ ಕಾಯಬೇಕು. 63ನೆಯ ವಯಸ್ಸಿನಲ್ಲಿ ಕೆಂಪು 'ಎಲ್' ಅಂಟಿಸಿದ ಕಾರಿನಲ್ಲಿ ಬಯಲಿಗೆ ಹೋಗುವಾಗ ಹುಡುಗರು ನಗುತ್ತಾರೆ, ನಗಲಿ. ಮೊನ್ನೆ ಭಾನುವಾರ ಕಾರು ಐದು ಸಲ ಆರಿತು. ಆರನೆಯ ಸಲ ಕದಲಿತು. ಪಕ್ಕದಲ್ಲಿ ಕುಳಿತು ಕಲಿಸುತ್ತಿರುವವಳು ಸೊಸೆ.